ಒಂದು ಮಗ್ಗುಲಿಗೆ ಕೂತವರು

ನನ್ನನ್ನು ನೋಡಲು ಬಂದ ದಿನ ನಮ್ಮತ್ತೆ ಜಮಖಾನದ ಮೇಲೆ ನೆಟ್ಟಗೆ ಕೂಡಲಿಲ್ಲ. ಬೀಗರಾಗುವವರು ಬರುತ್ತಾರೆಂದು ಅವ್ವ ಟ್ರಂಕಿನಿಂದ ಹೊಸ ಜಮಖಾನ ತೆಗೆದು ಪಡಸಾಲೆಯ ತುಂಬ ಹಾಸಿದ್ದಳು. ಬಂದವರೆಲ್ಲ ಚಕ್ಕಳಮಕ್ಕಳ ಹಾಕಿಕೊಂಡು ಆರಾಮಾಗಿ ಕೂತರು. ಈಕೆ ಮಾತ್ರ ಗೋಡೆ ಹಿಡಿದು, ಎಡ ಮಗ್ಗುಲಿಗೆ ವಾಲಿ, ಒಂದು ಮೊಣಕಾಲು ಎತ್ತಿಕೊಂಡು, ಈಗ ಎದ್ದೇನು ಆಗ ಎದ್ದೇನು ಎನ್ನುವಂತೆ ಕೂತರು. ಉಪ್ಪಿಟ್ಟು ಮುಟ್ಟಲಿಲ್ಲ. ಚಹಾ ಬೇಡವೆಂದರು. ನೀರಿನ ತಂಬಿಗೆಯನ್ನು ಕೈಯಲ್ಲಿ ಹಿಡಿದು ಹಾಗೇ ಕೆಳಗಿಟ್ಟರು. ಅರ್ಧ ತಾಸಾಗಿತ್ತೋ ಇಲ್ಲವೋ, ಹೊರಟೇಬಿಟ್ಟರು.

ಅವರು ಓಣಿ ತಿರುಗಿದ್ದೇ ತಡ, ಅವ್ವನ ಬಾಯಿ ಶುರುವಾಯಿತು.

"ನೋಡಿದೇನಬೇ ಆಕೀನ? ನಮ್ಮ ಜಮಖಾನಿ ಮ್ಯಾಲ ನೆಟ್ಟಗ ಕುಂತ್ರ ಏನ್ ಸವದು ಹೋಗತಿದ್ಲಾ? ನೀರು ಸೈತ ಮುಟ್ಟಲಿಲ್ಲ. ಬಾಳ ಸೊಕ್ಕಿನ ಹೆಣಮಗಳು. ಅಂಥಾಕಿ ಕೈಯಾಗ ನೀ ಹೆಂಗ ಬಾಳೇ ಮಾಡ್ತೀಯೋ ಏನೋ ನನ್ನವ್ವಾ."

ಆದರೂ ಸಂಬಂಧ ಕೂಡಿತು. ಹುಡುಗ ಸೊಸೈಟಿಯಲ್ಲಿ ಗುಮಾಸ್ತ, ನಾನು ಪ್ರಾಥಮಿಕ ಶಾಲೆಯ ಟೀಚರು, ಜಾತಕ ಹೊಂದಿತ್ತು, ಮತ್ತೇನು ಬೇಕು? ಹಡಗಲಿ ಸೀಮೆಯ ಮಲ್ಲಿಗೆ ತೋಟದ ಮನೆಯಿಂದ ನಾನು ತೆಲಿಗಿಯ ಕಡೆಯ ಆ ಮನೆಗೆ ಸೊಸೆಯಾಗಿ ಹೋದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅತ್ತೆ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ, ಆದರೆ ಒಳ್ಳೆಯ ಮಾತನ್ನೂ ಎಣಿಸಿ ಎಣಿಸಿ ಆಡುತ್ತಿದ್ದರು. ಊರಲ್ಲಿ ಯಾರ ಮನೆಯ ಮದುವೆಯಾದರೂ ಹೋಗಿ ಅಕ್ಕಿಕಾಳು ಹಾಕಿ ಊಟಕ್ಕೆ ಕೂಡದೆ ಬಂದುಬಿಡುವರು. ಮನೆಯಲ್ಲೂ ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಅದೇ ಎಡ ಮಗ್ಗುಲಿಗೆ ವಾಲಿ ಕೂತು ಅರ್ಧ ರೊಟ್ಟಿ ತಿನ್ನುವರು. ಅದು ಅವರ ಗತ್ತು ಎಂದು ಅವ್ವ ಹೇಳಿದ್ದನ್ನು ನಾನೂ ನಂಬಿದ್ದೆ. ಅವರ ಎದುರು ನನ್ನ ದನಿ ತಾನಾಗಿಯೇ ಇಳಿಯುತ್ತಿತ್ತು.

ಚೊಚ್ಚಲ ಹೆರಿಗೆ ತವರಿನಲ್ಲಿ. ಏಳು ತಿಂಗಳಿಗೆ ಕುಪ್ಪಸದ ಶಾಸ್ತ್ರ ಮಾಡಿ ಅವ್ವ ನನ್ನನ್ನು ಕರೆತಂದಳು. ಅವ್ವ ಐದು ಮಂದಿಯನ್ನು ನಮ್ಮ ಮನೆಯ ಒಳಕೋಣೆಯಲ್ಲೇ ಹೆತ್ತಿದ್ದಳು, ನಮ್ಮ ಓಣಿಯ ಸೂಲಗಿತ್ತಿ ಅಜ್ಜಿಯ ಕೈಯಲ್ಲಿ. ಆದರೆ ನಾನು ಓದಿದವಳು, ಸರ್ಕಾರಿ ನೌಕರಿಯವಳು. ನನ್ನದು ಆಸ್ಪತ್ರೆಯಲ್ಲೇ ಆಗಬೇಕೆಂದು ನಾನೇ ಹಟ ಹಿಡಿದೆ. ಯಾವ ಊರಿನ ಆಸ್ಪತ್ರೆ ಎಂದು ಹೇಳುವುದಿಲ್ಲ. ಅಲ್ಲಿದ್ದವರು ಈಗ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು. ಆಡಿಸಲಿ.

ಮಧ್ಯಾಹ್ನದ ಹೊತ್ತು. ತಗಡಿನ ಟೇಬಲ್ಲು, ಮೇಲೊಂದು ಹರಕು ರೆಕ್ಸಿನ್. ಅವ್ವನನ್ನು ಬಾಗಿಲ ಹೊರಗೇ ನಿಲ್ಲಿಸಿದ್ದರು. ನೋವಿನ ಬಗ್ಗೆ ಬರೆಯುವುದಿಲ್ಲ, ಅದನ್ನು ಹೆತ್ತವರೆಲ್ಲ ಬಲ್ಲರು. ನನಗೆ ಇವತ್ತಿಗೂ ಕಿವಿಯಲ್ಲಿ ಉಳಿದಿರುವುದು ಒಂದು ಸಪ್ಪಳ. ಕೊನೆಯ ನೋವು ಬಂದು ನಾನು ಹಲ್ಲು ಕಚ್ಚಿದ್ದಾಗ, ಕಾಲ ಕಡೆಯಿಂದ ಹಸಿ ಗೋಣಿಚೀಲಕ್ಕೆ ಕತ್ತರಿ ಹಾಕಿದಂಥ ಸಪ್ಪಳ ಬಂತು. ಬಟ್ಟೆಯನ್ನೋ ಬ್ಯಾಂಡೇಜನ್ನೋ ಕತ್ತರಿಸುತ್ತಿದ್ದಾರೆ ಎಂದುಕೊಂಡೆ. ಮರುಗಳಿಗೆ ಕೂಸು ಹೊರಗಿತ್ತು. ಹೆಣ್ಣು ಕೂಸು, ಕಿರುಚಿ ಆಸ್ಪತ್ರೆಯನ್ನೇ ಎಬ್ಬಿಸಿತು. ನಾನು ನಕ್ಕೆ. ನಗುತ್ತಿರುವಾಗಲೇ ಚುರ್ ಎಂದು ಏನೋ ಚುಚ್ಚಿತು. ಮತ್ತೆ ಚುಚ್ಚಿತು. ದಾರ ಎಳೆದದ್ದು ಮೈಯೊಳಗೆ ಗೊತ್ತಾಯಿತು.

"ಸಿಸ್ಟರ್, ಏನ್ ಮಾಡಾಕತ್ತೀರಿ?" ಎಂದು ಕೇಳಿದೆ.

"ಹೊಲಿಗಿ ಹಾಕಾಕತ್ತೀವಿ. ಅಳ್ಳಾಡಬ್ಯಾಡ."

"ಯಾತಕ್ಕ?"

"ಕೊಯ್ದ ಮ್ಯಾಲ ಹೊಲೀಬೇಕಲ್ಲವಾ? ಟೀಚರ್ ಅದೀನಿ ಅಂತಿ, ಇಷ್ಟೂ ಗೊತ್ತಿಲ್ಲೇನು?"

ಕೊಯ್ದ ಮೇಲೆ! ನನ್ನ ಮೈಯನ್ನು ಕೊಯ್ದಿದ್ದಾರೆ, ಅದೂ ನನಗೆ ಒಂದು ಮಾತು ಹೇಳದೆ. ಬದುಕಿನಲ್ಲಿ ಅಷ್ಟು ಬೆಚ್ಚಿಬಿದ್ದದ್ದು ನನಗೆ ನೆನಪಿಲ್ಲ. ಕೋಳಿ ಕೊಯ್ಯುವಾಗಲಾದರೂ ಅದರ ಮೇಲೆ ನಾಲ್ಕು ಹನಿ ನೀರು ಹಾಕುತ್ತಾರೆ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಾನು ಏಳನೆಯ ತರಗತಿಗೆ ವಿಜ್ಞಾನ ಹೇಳುತ್ತಿದ್ದವಳು. ಹೂವಿನ ಅಂಡಾಶಯವನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ಮನುಷ್ಯರ ಪಾಠ ಬಂದಾಗ "ಇದನ್ನು ನೀವೇ ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುಗಿಸುತ್ತಿದ್ದೆ. ಹೆರಿಗೆಯಲ್ಲಿ ಹೀಗೂ ಕೊಯ್ಯುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ.

ಮೂರನೆಯ ದಿನ ಮನೆಗೆ ಬಿಟ್ಟರು. ಕೈಗೊಂದು ಚೀಟಿ ಕೊಟ್ಟರು. ಅದರಲ್ಲಿ ಎಪಿಸಿಯಾಟಮಿ ಎಂಬ ಉದ್ದದ ಪದವಿತ್ತು. ನಾಲ್ಕು ಸಲ ಓದಿದರೂ ನನಗೆ ಅರ್ಥವಾಗಲಿಲ್ಲ; ಹೆರಿಗೆಯಲ್ಲಿ ಹಾಗೆ ಕೊಯ್ಯುವುದರ ಹೆಸರೇ ಅದೆಂದು ಆಮೇಲೆ ತಿಳಿಯಿತು. "ಎಂಟನೇ ದಿನಕ್ಕ ಬಂದು ತೋರಿಸ್ಕೊಂಡು ಹೋಗ್ರಿ" ಎಂದು ಅವ್ವನಿಗೆ ಹೇಳಿ ಸಿಸ್ಟರು ಇನ್ನೊಂದು ಮಂಚದ ಕಡೆ ತಿರುಗಿದರು. ಏನು ತೋರಿಸಬೇಕು, ಯಾತಕ್ಕೆ ತೋರಿಸಬೇಕು, ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ಜೀಪಿನಲ್ಲಿ ನನಗೆ ಕೂಡಲಾಗಲಿಲ್ಲ. ಹಿಂದಿನ ಸೀಟಿಗೆ ಮೊಣಕಾಲೂರಿ, ಕಂಬಿ ಹಿಡಿದುಕೊಂಡು ಊರು ಮುಟ್ಟಿದೆ. ಬಾಣಂತಿಗೆ ಸೊಂಟ ಹಿಡಿದಿದೆ ಎಂದು ಅವ್ವ ಡ್ರೈವರನಿಗೆ ಹೇಳಿದಳು. ಅವಳೂ ಹಾಗೇ ತಿಳಿದಿದ್ದಳು.

ಮರುದಿನ ಬೆಳಿಗ್ಗೆ ನೀರೆರೆಯಲು ಸೂಲಗಿತ್ತಿ ಅಜ್ಜಿ ಬಂದಳು. ಆಸ್ಪತ್ರೆಗಳು ಬಂದ ಮೇಲೆ ಆಕೆಗೆ ಹೆರಿಗೆ ಮಾಡಿಸುವುದು ತಪ್ಪಿ, ಬಾಣಂತಿಯರಿಗೂ ಕೂಸುಗಳಿಗೂ ಎರೆಯುವುದಷ್ಟೇ ಉಳಿದಿತ್ತು. ಬಚ್ಚಲಲ್ಲಿ ಸೀರೆ ಸರಿಸಿದವಳೇ ಆಕೆ ಚೊಂಬು ಕೆಳಗಿಟ್ಟು ಅವ್ವನನ್ನು ಕರೆದಳು.

ಅವ್ವ ಬಗ್ಗಿ ನೋಡಿದಳು. ನೋಡಿ, ಅಲ್ಲೇ ಹಸಿ ನೆಲದ ಮೇಲೆ ಕುಸಿದಳು.

"ಅಯ್ಯೋ ಶಿವನ! ಇದೇನಬೇ ಇದು? ನನ್ನ ಮಗಳನ್ನ ಕೊಯ್ದು ಹೊಲದಾರ!"

"ಮೆಲ್ಲಕ ಮಾತಾಡ," ಅಜ್ಜಿ ಗದರಿದಳು. "ಈಗಿನ ದವಾಖಾನಿಯಾಗ ಹಿಂಗ ಮಾಡ್ತಾರಂತ ಕೇಳಿದ್ದೆ. ನೋಡಿದ್ದು ಇವತ್ತ. ಈ ಓಣ್ಯಾಗ ಅರ್ಧ ಮಂದಿ ನನ್ನ ಕೈಯಾಗ ಹುಟ್ಟ್ಯಾರ, ಒಬ್ಬಾಕಿಗೂ ಕತ್ರಿ ಹಿಡದಾಕಿ ಅಲ್ಲ ನಾನು."

ಅವ್ವನ ಅಳು ನಿಂತದ್ದು ಒಂದು ಲೆಕ್ಕಾಚಾರಕ್ಕೆ. ಕಣ್ಣೊರೆಸಿಕೊಂಡು ಬಚ್ಚಲ ಬಾಗಿಲು ಮುಂದೆ ಮಾಡಿ ನಮ್ಮಿಬ್ಬರಿಗೂ ಹೇಳಿದಳು. "ಈ ಮಾತು ಇಲ್ಲಿಂದ ಹೊರಗ ಹೋಗಬಾರದು. ಚೊಚ್ಚಲ ಬಾಣಂತನ ನಮ್ಮ ಮನಿ ಹೊಣಿ. ಬೀಗ್ತಿಗೆ ಗೊತ್ತಾತು ಅಂದ್ರ, ನಮ್ಮ ಸೊಸೀನ ಹಾಳ್ ಮಾಡಿ ಕಳಿಸ್ಯಾರ ಅಂತಾಳ. ಆ ಸೊಕ್ಕಿನಾಕಿ ಮುಂದ ನಾ ತಲಿ ಎತ್ತಂಗಿಲ್ಲ. ಹದಿಮೂರು ದಿನಕ್ಕ ತೊಟ್ಟಲಾ ಹಾಕಾಕ ಬರ್ತಾರ. ಅಷ್ಟೊತ್ತಿಗೆ ನೀ ಮೊದಲಿನಂಗ ಆಗಿರಬೇಕು ನೋಡವ್ವಾ."

ಮೊದಲಿನಂತೆ ಆಗುವುದೆಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮಲ್ಲಿ ತೊಟ್ಟಿಲು ಹಾಕುವ ದಿನ ಬಾಣಂತಿಯನ್ನು ಮಣೆಯ ಮೇಲೆ ಕೂಡಿಸುತ್ತಾರೆ. ಚಕ್ಕಳಮಕ್ಕಳ ಹಾಕಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂಡಬೇಕು. ಎರಡೂ ಮನೆಯ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ಹಾಕಿ ಉಡಿ ತುಂಬುತ್ತಾರೆ. ಕೊನೆಯವಳ ಉಡಿ ಬೀಳುವ ತನಕ ಏಳುವಂತಿಲ್ಲ. ಇಪ್ಪತ್ತು ಮಂದಿ ಹೆಂಗಸರ ಎದುರು, ಅದರಲ್ಲೂ ನಮ್ಮತ್ತೆಯ ಎದುರು, ನಾನು ಮುಖ ಕಿವುಚದೆ ಒಂದು ತಾಸು ಮಣೆಯ ಮೇಲೆ ಕೂಡಬೇಕು. ಆ ಗಾಯ ಅಷ್ಟರಲ್ಲಿ ಕೂಡಿಕೊಳ್ಳಬೇಕು. ನನ್ನ ಬಾಣಂತನವೆಲ್ಲ ಆ ಒಂದು ತಾಸಿನ ದಾರಿ ಕಾಯುವುದೇ ಆಯಿತು.

ಗಾಯ ಕೂಡಿಕೊಳ್ಳಲು ನಾವು ಮಾಡಿದ್ದೆಲ್ಲ ಅದರ ವಿರುದ್ಧವೇ. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಬೀಳುತ್ತದೆ ಎಂದು ದಿನಕ್ಕೆ ಒಂದು ಲೋಟ ಅಜವಾನದ ನೀರು. ಸೊಪ್ಪು ತಂಪು, ಬೇಡ. ಹಣ್ಣು ಶೀತ, ಬೇಡ. ಬಿಸಿ ರೊಟ್ಟಿ, ತುಪ್ಪ, ಕೊಬ್ಬರಿ, ಅಂಟಿನುಂಡೆ, ಬೆಳ್ಳುಳ್ಳಿ. ಅವ್ವ ಪ್ರೀತಿಯಿಂದ ತುರುಕಿದ್ದನ್ನು ತಿಂದೆ. ನಾಲ್ಕು ದಿನ ಹೊಟ್ಟೆ ಕಲ್ಲಾಯಿತು. ನಮ್ಮ ಮನೆಯಲ್ಲಿ ಆಗ ಸಂಡಾಸು ಇರಲಿಲ್ಲ. ಹಿತ್ತಲಲ್ಲಿ ಬಣವೆಯ ಹಿಂದೆ ಬಾಣಂತಿಗೆಂದು ಮರೆ ಕಟ್ಟಿದ್ದರು. ಅಲ್ಲಿ ಕುಕ್ಕರುಗಾಲಲ್ಲಿ ಕೂತು, ದಾರಗಳೆಲ್ಲ ಒಮ್ಮೆಗೇ ಎಳೆದಾಗ, ಯಾರನ್ನು ಬೈಯಬೇಕೆಂದು ತಿಳಿಯದೆ ಬಣವೆಯ ಮೇವನ್ನೇ ಮುಷ್ಟಿಗಟ್ಟಲೆ ಕಿತ್ತೆ. ಹೆರಿಗೆಗೂ ನಾನು ಅಷ್ಟು ಹೆದರಿರಲಿಲ್ಲ.

ಹೊರಗೆ ಮಲ್ಲಿಗೆಯ ಕಾಲ. ಬೆಳಗಾದರೆ ತೋಟದಿಂದ ಬುಟ್ಟಿ ಬುಟ್ಟಿ ಮೊಗ್ಗು ಬರುತ್ತಿತ್ತು. ಅವ್ವ ಪಡಸಾಲೆಯಲ್ಲಿ ಕೂತು ಮೊಗ್ಗು ಜೋಡಿಸಿ ದಾರ ಸುತ್ತಿ ಗಂಟು ಹಾಕುತ್ತಿದ್ದಳು. ಹೂ ಕಟ್ಟುವುದರಲ್ಲಿ ಅವಳ ಕೈ ಮೀರಿಸುವವರು ನಮ್ಮೂರಲ್ಲಿ ಇರಲಿಲ್ಲ. ಆದರೆ ಒಂದು ಮೊಗ್ಗೂ ನನ್ನ ಕೋಣೆಗೆ ಬರುವಂತಿರಲಿಲ್ಲ. ಬಾಣಂತಿಗೆ ಮಲ್ಲಿಗೆ ಸೋಕಿದರೆ ಎದೆಹಾಲು ಬತ್ತುತ್ತದಂತೆ. ನಾನು ಮಗ್ಗುಲಾಗಿ ಮಲಗಿ ಕೂಸಿಗೆ ಹಾಲೂಡಿಸುತ್ತ, ಅವ್ವನ ಸಣ್ಣ ಕತ್ತರಿ ದಾರ ತುಂಡರಿಸುವ ಕಿಚ್ ಕಿಚ್ ಸಪ್ಪಳ ಕೇಳುತ್ತಿದ್ದೆ. ಆ ಸಪ್ಪಳಕ್ಕೇ ಮೈ ಜುಮ್ಮೆನ್ನುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಅವ್ವ ಅದೇ ಕತ್ತರಿಯನ್ನು ಕುದಿಯುವ ನೀರಿಗೆ ಹಾಕಿದಳು.

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಹಿಂದಿನ ವರ್ಷ ಚಿಕ್ಕವ್ವನ ಮಗಳಿಗೆ ಹೊಟ್ಟೆ ಕೊಯ್ದು ಕೂಸು ತೆಗೆದಿದ್ದರು. ಎಂಟನೆಯ ದಿನ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಬಿಚ್ಚಿಸಿಕೊಂಡು ಬಂದದ್ದನ್ನು ಅವ್ವ ಕಣ್ಣಾರೆ ನೋಡಿದ್ದಳು. ನನಗೂ ಎಂಟನೆಯ ದಿನಕ್ಕೆ ಬರಲು ಹೇಳಿದ್ದರಲ್ಲ? ಅಂದರೆ ಹೊಲಿಗೆ ಬಿಚ್ಚಲು. ಬಿಚ್ಚದಿದ್ದರೆ ದಾರ ಒಳಗೇ ಕೊಳೆಯುತ್ತದೆ. ಆದರೆ ತೊಟ್ಟಿಲು ಹಾಕುವ ಮುಂಚೆ ಬಾಣಂತಿ ಊರ ಅಗಸೆಬಾಗಿಲು ದಾಟುವಂತಿಲ್ಲ. ದಾಟಿದರೂ, ಆ ಬಸ್ಸಿನಲ್ಲಿ ಬೀಗರ ಕಡೆಯವರು ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ. ಹಸಿ ಬಾಣಂತಿಯನ್ನು ಯಾಕೆ ಆಸ್ಪತ್ರೆಗೆ ಒಯ್ದರೆಂದು ಸಂಜೆಯೊಳಗೆ ತೆಲಿಗಿಗೆ ಸುದ್ದಿ ಮುಟ್ಟುತ್ತದೆ.

ಅಜ್ಜಿ ಬೇಡವೆಂದಳು. "ನೋಡ ತಂಗಿ, ಹಾಕಿದವರ ತೆಗೀಲಿ. ನಾನಂತೂ ಮುಟ್ಟಂಗಿಲ್ಲ."

"ನೀ ಮುಟ್ಟಬ್ಯಾಡ, ನಾ ಮುಟ್ಟತೀನಿ. ದಾರ ಬಿಚ್ಚೋದು ನನಗ ಬರಂಗಿಲ್ಲೇನು? ದಿನಾ ಬೆಳಗಾದ್ರ ಮತ್ತೇನ್ ಮಾಡ್ತೀನಿ ನಾನು?" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, "ನೀನ ಹೇಳವ್ವಾ, ಓದಿದಾಕಿ. ತೆಗಿಲೇನು?" ಎಂದು ಕೇಳಿದಳು.

ನಾನು ಹೂಂ ಎಂದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆಸ್ಪತ್ರೆಯಲ್ಲಿ ಕೇಳದೆ ಕೊಯ್ದರೆಂದು ಇಷ್ಟು ಹೊತ್ತು ಬೈದವಳು, ಇಲ್ಲಿ ಕೇಳಿದಾಗ ಹೂಂ ಎಂದವಳು ನಾನೇ.

ಕಿಟಕಿಯ ಬೆಳಕಿಗೆ ನನ್ನನ್ನು ಮಲಗಿಸಿ ಅವ್ವ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿದಳು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ಪ್ರತಿ ಗಂಟಿಗೂ "ಆತು ನನ್ನವ್ವಾ, ಇನ್ನೊಂದ ಐತಿ, ಆತು ನನ್ನ ಬಂಗಾರ" ಎನ್ನುತ್ತಿದ್ದಳು. ಆಸ್ಪತ್ರೆಯ ಆ ಟೇಬಲ್ಲಿನ ಮೇಲೆ ನನಗೆ ಅಂಥ ಒಂದು ಮಾತು ಸಿಕ್ಕಿದ್ದರೆ ಎಂದು ಅನ್ನಿಸಿತು. ಅರಿಶಿನ ಹಚ್ಚಿ, ತೆಗೆದ ದಾರಗಳನ್ನು ಎಲೆಯಲ್ಲಿ ಸುತ್ತಿ ಹಿತ್ತಲಲ್ಲಿ ಹೂತುಬಂದಳು. ಎಳೆತ ನಿಂತು ಹಗುರಾಯಿತು. ಅವತ್ತು ನಾನು ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡು ನಿದ್ದೆ ಮಾಡಿದೆ.

ಹತ್ತನೆಯ ದಿನ ಬಣವೆಯ ಮರೆಯಲ್ಲಿ ಕೂತಾಗ ಏನೋ ಬಿಟ್ಟುಕೊಂಡದ್ದು ಗೊತ್ತಾಯಿತು. ನೋವಿಗಿಂತ ಮೊದಲು ಗೊತ್ತಾದದ್ದು ಗಾಳಿ ಸೋಕಿದ ಉರಿ. ಕೈಯಿಂದ ಮುಟ್ಟಿ ನೋಡಿದೆ. ಮುಚ್ಚಿರಬೇಕಾದ ಜಾಗ ಮುಚ್ಚಿರಲಿಲ್ಲ. ಅರಿವೆ ಮಡಚಿ ಒತ್ತಿಟ್ಟುಕೊಂಡು, ಗೋಡೆ ಹಿಡಿದು ಒಳಗೆ ಬಂದು ಮಲಗಿದೆ.

ಅವ್ವನಿಗೆ ಹೇಳಲಿಲ್ಲ. ಅವಳ ಕೈಯಿಂದ ಹೀಗಾಯಿತೆಂದು ತಿಳಿದರೆ ಅವಳು ಉಳಿಯುವುದಿಲ್ಲ ಎನ್ನಿಸಿತ್ತು. ನೀರೆರೆಯುವ ಅಜ್ಜಿಗೂ "ನಾನೇ ತೊಳ್ಕೊಂತೀನಿ, ನೀ ಬೆನ್ನಿಗೆ ಎರಿ" ಎಂದುಬಿಟ್ಟೆ. ಮೈ ಬೆಚ್ಚಗಿತ್ತು. ಇನ್ನು ಮೂರು ದಿನ. ಮಣೆಯ ಮೇಲಿನ ಆ ಒಂದು ತಾಸು ಕಳೆದರೆ, ಆಮೇಲೆ ಅಗಸೆ ದಾಟಬಹುದು, ಏನಾದರೊಂದು ನೆವ ಹೇಳಿ ಆಸ್ಪತ್ರೆಗೆ ಹೋಗಬಹುದು ಎಂದು ನನ್ನ ಲೆಕ್ಕ. ನಮ್ಮ ಮನೆಯಲ್ಲಿ ಎಲ್ಲರೂ ಲೆಕ್ಕದಲ್ಲಿ ಗಟ್ಟಿಗರೇ.

ಹದಿಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ತೆಲಿಗಿಯಿಂದ ಟೆಂಪೋ ಬಂತು. ನನ್ನ ಗಂಡ ಗಂಡಸರ ಜೊತೆ ಹೊರಕಟ್ಟೆಯ ಮೇಲೆ ಉಳಿದರು. ಹೆಂಗಸರು ಹಸಿರು ಬಳೆ, ಕುಂಚಿಗೆ, ಕೂಸಿನ ಕೌದಿ ಹಿಡಿದು ಒಳಗೆ ಬಂದರು. ಅವ್ವ ಅದೇ ಜಮಖಾನ ಹಾಸಿದ್ದಳು. ಅತ್ತೆ ಬಂದವರೇ ಗೋಡೆಯ ಕಡೆ ಜಾಗ ಹುಡುಕಿ ಅದೇ ಎಡ ಮಗ್ಗುಲಿಗೆ ವಾಲಿ ಕೂತರು. ಅವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನೋಡಿದೆಯಾ, ಇನ್ನೂ ಇಳಿದಿಲ್ಲ ಸೊಕ್ಕು, ಎಂದು ಅದರ ಅರ್ಥ.

ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಕಾಲು ಮಡಚಿದ್ದೇ ಕಣ್ಣಿಗೆ ಕತ್ತಲು ಬಂತು. ಕೂಸನ್ನು ತೊಡೆಗೆ ಕೊಟ್ಟರು. ಮೊದಲ ಮುತ್ತೈದೆ ಬಂದು ಅರಿಶಿನ ಕುಂಕುಮ ಹಚ್ಚಿ ಉಡಿ ತುಂಬಿದಳು. ನಕ್ಕೆ. ಎರಡನೆಯವಳು. ನಕ್ಕೆ. ನಾಲ್ಕನೆಯವಳು ಬರುವಾಗ ನನಗೆ ತಿಳಿಯದಂತೆ ನನ್ನ ಮೈ ಒಂದು ಕಡೆ ವಾಲಿತು. ಒಂದು ಮೊಣಕಾಲು ತಾನಾಗಿ ಮೇಲೆದ್ದಿತು.

"ನೆಟ್ಟಗ ಕುಂದ್ರು," ಅವ್ವ ಹಿಂದಿನಿಂದ ಪಿಸುಗುಟ್ಟಿ ನನ್ನ ಭುಜ ಒತ್ತಿದಳು.

ನಾನು ತಲೆಯೆತ್ತಿದಾಗ ಅತ್ತೆ ನನ್ನನ್ನೇ ನೋಡುತ್ತಿದ್ದರು. ಮುಖವನ್ನಲ್ಲ. ನನ್ನ ಮೊಣಕಾಲನ್ನು, ವಾಲಿದ ಸೊಂಟವನ್ನು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ನೋಡನೋಡುತ್ತ ಅವರ ಮುಖದ ಬಣ್ಣ ಇಳಿದುಹೋಯಿತು. ಗೋಡೆ ಹಿಡಿದು ಎದ್ದು, ಕೂತವರನ್ನು ದಾಟಿ ನನ್ನ ಹತ್ತಿರ ಬಂದರು.

"ಸಾಕು. ಏಳು."

"ಅಕ್ಕಾರ, ಇನ್ನೂ ಮಂದಿ ಅದಾರ, ಉಡಿ ತುಂಬೋದು..." ಅವ್ವ ತಡೆದಳು.

"ತುಂಬತಾರ ಬಿಡ್ರಿ, ಅಕ್ಕಿ ಎಲ್ಲಿ ಓಡಿ ಹೋಗಂಗಿಲ್ಲ. ಕೂಸನ್ನ ತಗೊಳ್ರಿ. ಆಕಿ ಏಳ್ಲಿ."

ನನಗೆ ಏಳಲು ಆಗಲಿಲ್ಲ. ಅತ್ತೆಯೇ ಬಗ್ಗಿ ಕಂಕುಳಲ್ಲಿ ಕೈಹಾಕಿ ಎಬ್ಬಿಸಿದರು. ಎದ್ದಾಗ ಮಣೆಯ ಮೇಲೆ ಅಂಗೈಯಗಲ ಕೆಂಪು ಉಳಿದಿತ್ತು. ಅತ್ತೆ ಕೂಸಿಗೆಂದು ತಂದ ಹೊಸ ಕೌದಿಯನ್ನು ಎಳೆದು ನನ್ನ ಸೊಂಟಕ್ಕೆ ಸುತ್ತಿದರು. ಮಣೆಯನ್ನು ಕಾಲಿಂದ ಬೋರಲು ಮಾಡಿದರು. "ಹಸಿ ಮೈಯಾಕಿ. ಬಾಯಿ ಬಿಟ್ಟು ಏನ್ ನೋಡ್ತೀರಿ, ನೀವ್ಯಾರೂ ಹಡದಿಲ್ಲೇನು?" ಎಂದು ಎಲ್ಲರಿಗೂ ಒಂದೇ ಸಲ ಹೇಳಿ ನನ್ನನ್ನು ಕೋಣೆಗೆ ನಡೆಸಿಕೊಂಡು ಬಂದರು. ಅವ್ವ ಕೂಸನ್ನು ಎತ್ತಿಕೊಂಡು ಹಿಂದೆಯೇ ಬಂದು ಬಾಗಿಲು ಹಾಕಿದಳು.

"ತೋರ್ಸು," ಎಂದರು ಅತ್ತೆ.

ನಾನು ಗಾಬರಿಯಾಗಿ ಅವ್ವನ ಮುಖ ನೋಡಿದೆ.

"ಅವರನ್ನೇನ್ ನೋಡ್ತಿ? ತೋರ್ಸು ಅಂದೆ."

ತೋರಿಸಿದೆ. ಅತ್ತೆ ಕಿಟಕಿ ತೆರೆದು ಬಹಳ ಹೊತ್ತು ನೋಡಿದರು. ಅವ್ವನೂ ಆಗಲೇ ನೋಡಿದ್ದು. ನೋಡಿದವಳು ಕೂಸನ್ನು ಹಾಸಿಗೆಯ ಮೇಲಿಟ್ಟು ಬಾಯಿಗೆ ಸೆರಗು ತುರುಕಿಕೊಂಡಳು.

"ಕೊಯ್ದಾರ ಅಂತ ಕಾಣತೈತಿ. ಹೊಲಿಗಿ ಹಾಕಲಿಲ್ಲೇನು?"

"ಹಾಕಿದ್ರು ಅಕ್ಕಾರ," ಎಂದಳು ಅವ್ವ. "ನಾನ ತೆಗದೆ. ಎಂಟ್ ದಿನಕ್ಕ ತೆಗೀತಾರ ಅಂತ ತಿಳಕೊಂಡು ನನ್ನ ಕೈಯಾರ ತೆಗದೆ. ನಿಮಗ ಗೊತ್ತಾಗಬಾರದು ಅಂತ... ನನ್ನ ಮಗಳನ್ನ ನಾನ ಕೊಂದ್ನಲ್ಲಪ್ಪಾ ಶಿವನ!" ಎನ್ನುತ್ತ ಅವ್ವ ಅವರ ಕಾಲಿಗೇ ಬಿದ್ದಳು. ಬೀಗ್ತಿಯ ಮುಂದೆ ತಲೆ ಎತ್ತಬೇಕೆಂದು ಇಷ್ಟೆಲ್ಲ ಮಾಡಿದವಳು.

ನಾನು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದೆ. ಬೈಗುಳ ಬರಲಿಲ್ಲ. ಕಣ್ಣು ತೆರೆದಾಗ ಅತ್ತೆ ಮಂಚದ ಅಂಚಿಗೆ ಎಡ ಮಗ್ಗುಲಾಗಿ ಕೂತಿದ್ದರು.

"ಏಳ್ರಿ ಮ್ಯಾಲಕ," ಎಂದರು ಅವ್ವನಿಗೆ. "ನಿಮ್ಮ ಮಗಳಿಗೆ ಹೊಲಿಗಿನರ ಹಾಕಿದ್ರು. ನನಗ ಅದೂ ಹಾಕಲಿಲ್ಲ."

ಅವ್ವ ಬಿದ್ದಲ್ಲಿಂದಲೇ ತಲೆಯೆತ್ತಿದಳು.

"ದೊಡ್ಡ ಕೂಸು, ಚೊಚ್ಚಲು," ಅತ್ತೆ ನನ್ನ ಕಡೆ ನೋಡದೆ ಹೇಳಿದರು. "ನಿನ್ನ ಗಂಡ ಹುಟ್ಟಿದಾಗ ಹಿಂದಿನ ತನಕ ಹರೀತು. ಅರಿಶಿಣ ಮೆತ್ತಿ, ಎರಡೂ ಕಾಲು ಸೀರಿಲೆ ಕಟ್ಟಿ ಮಲಗಿಸಿದ್ರು, ಕೂಡಿಕೊಳ್ಳತೈತಿ ಅಂತ. ಒಂದು ಕಡಿ ಕೂಡ್ತು, ಒಂದು ಕಡಿ ಕೂಡಲಿಲ್ಲ. ನಮ್ಮವ್ವ ಬಾಯಿ ಬಿಡಬ್ಯಾಡ ಅಂದ್ಲು. ಬಿಡಲಿಲ್ಲ. ನೆಟ್ಟಗ ಕುಂದ್ರಾಕ ಆಗಂಗಿಲ್ಲ. ಯಾರ ಮನ್ಯಾಗೂ ಉಣ್ಣಂಗಿಲ್ಲ, ನೀರು ಕುಡಿಯಂಗಿಲ್ಲ. ಹೊಟ್ಟಿಗೆ ಏನರ ಬಿದ್ರ ಹೊರಕಡಿಗೆ ಬಂದದ್ದನ್ನ ತಡಿಯೋ ಶಕ್ತಿ ಇಲ್ಲ ನನಗ. ಮಂದಿ ಮುಂದ ಮಾನ ಹೋಗಬಾರದಲ್ಲ?"

ನನ್ನ ಗಂಡನಿಗೆ ಆಗ ಇಪ್ಪತ್ತೆಂಟು ವರ್ಷ. ಇಪ್ಪತ್ತೆಂಟು ವರ್ಷ ಈ ಹೆಂಗಸು ಒಂದು ಹೊತ್ತು ನೆಮ್ಮದಿಯಾಗಿ ನೆಲದ ಮೇಲೆ ಕೂತಿಲ್ಲ, ಒಂದು ಮದುವೆಯ ಊಟ ಉಂಡಿಲ್ಲ. ಒಂದೇ ಸೂರಿನ ಕೆಳಗೆ ವರ್ಷಗಟ್ಟಲೆ ಇದ್ದೂ ನನ್ನ ಕಣ್ಣಿಗೆ ಕಂಡದ್ದು ಗತ್ತು. ನನ್ನ ಗಂಡನಿಗೆ ಅದೂ ಕಂಡಿರಲಿಲ್ಲ. ಆ ಹದಿಮೂರು ದಿನದಲ್ಲಿ ನಾನು ಬೆಚ್ಚಿಬಿದ್ದದ್ದೆಲ್ಲ ಇದರ ಮುಂದೆ ಏನೂ ಅಲ್ಲ ಎನ್ನಿಸಿತು. ಅವ್ವ ನೆಲದ ಮೇಲೇ ಎದ್ದು ಕೂತಿದ್ದಳು. ಬಾಗಿಲ ಸಂದಿಯಿಂದ ಆ ಜಮಖಾನದ ಒಂದು ಮೂಲೆ ಕಾಣುತ್ತಿತ್ತು. ಅವಳ ಕಣ್ಣು ಅದರ ಮೇಲಿತ್ತು.

"ನಡ್ರಿ, ಟೆಂಪೋ ಹೊರಗ ಐತಿ. ನನ್ನಂಗ ಆಗೋದು ಬ್ಯಾಡ ಈಕಿ," ಎಂದು ಅತ್ತೆ ಎದ್ದರು. ತೊಟ್ಟಿಲಿನ ಶಾಸ್ತ್ರ, ಹೆಸರಿಡುವುದು ಎಂದು ಯಾರೋ ಬಾಗಿಲಲ್ಲಿ ರಾಗ ತೆಗೆದರು. "ಹೆಸರಿಲ್ಲ ಅಂತ ಕೂಸೇನೂ ಹಟಾ ಮಾಡಂಗಿಲ್ಲ. ದಾರಿ ಬಿಡ್ರಿ," ಎಂದರು.

ಮೊದಲಿನ ಆಸ್ಪತ್ರೆಗೆ ನಾನು ಬರುವುದಿಲ್ಲವೆಂದೆ. ಬೇರೆ ಊರಿನ ಲೇಡಿ ಡಾಕ್ಟರ ಹತ್ತಿರ ಹೋದೆವು. ಅತ್ತೆಯೇ ಕೌಂಟರಿಗೆ ಹೋಗಿ ಹೆಸರು ಬರೆಸಿದರು. ಕೈಯಲ್ಲಿ ಎರಡು ಚೀಟಿ ಹಿಡಿದು ಬಂದು ಒಂದನ್ನು ನನಗೆ ಕೊಟ್ಟರು. ಇನ್ನೊಂದು ಕೂಸಿನದು ಎಂದುಕೊಂಡೆ.

ಡಾಕ್ಟರು ನೋಡಿದ್ದೇ ಕನ್ನಡಕ ತೆಗೆದರು. "ಯಾರು ಬಿಚ್ಚಿದ್ದು ಇದನ್ನ? ಇದು ತಾನೇ ಕರಗಿ ಹೋಗೋ ದಾರ. ಮುಟ್ಟದೇ ಇದ್ದಿದ್ರೆ ಇಷ್ಟೊತ್ತಿಗೆ ಗಾಯ ಮಾಯ್ತಿತ್ತು."

ಕರಗಿ ಹೋಗುವ ದಾರ. ಒಂದು ಮಾತು. ಆವತ್ತು ಆ ಸಿಸ್ಟರು 'ಇವನ್ನು ಬಿಚ್ಚಬೇಡಿ, ತಾವೇ ಉದುರುತ್ತವೆ' ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವ್ವ ಪರದೆಯ ಆಚೆಯೇ ನಿಂತಿದ್ದಳು, ಅವಳ ಬಿಕ್ಕು ಕೇಳುತ್ತಿತ್ತು.

"ನಾನೇ ಬಿಚ್ಚಿಕೊಂಡೆ ಡಾಕ್ಟರೇ," ಎಂದೆ. ಆಚೆ ಬಿಕ್ಕು ನಿಂತಿತು.

ಓದಿದವಳಾಗಿ ನಾಚಿಕೆಯಾಗುವುದಿಲ್ಲವೇ ಎಂದು ಡಾಕ್ಟರು ನನ್ನನ್ನು ಚೆನ್ನಾಗಿ ಬೈದರು. ಬೈಸಿಕೊಂಡೆ. ಗಾಯಕ್ಕೆ ಕೀವು ತಗುಲಿದೆ, ಈಗ ಮತ್ತೆ ಹೊಲಿಯಲು ಬರುವುದಿಲ್ಲ, ತೊಳೆದು ಮಾತ್ರೆ ಕೊಡುತ್ತೇನೆ, ಬುಡದಿಂದ ತಾನೇ ತುಂಬಿಕೊಂಡು ಬರಬೇಕು, ಒಂದು ತಿಂಗಳಾದರೂ ಬೇಕು ಎಂದರು. ದಿನಕ್ಕೆ ಮೂರು ಸಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ಉಪ್ಪುನೀರು ಹಾಕಿ ಅದರಲ್ಲಿ ಕೂಡಬೇಕು. ಸೊಪ್ಪು ತಿನ್ನಬೇಕು. "ನೀರು ಎಷ್ಟು ಕುಡೀತೀಯ?" ಎಂದು ಕೇಳಿದರು. ಒಂದು ಲೋಟ ಎಂದೆ. ಅವರು ತಮ್ಮ ಟೇಬಲ್ಲಿನ ಮೇಲಿನ ಹೂಜಿಯನ್ನು ನನ್ನ ಕೈಗೆ ಕೊಟ್ಟರು. ಅಲ್ಲೇ ನಿಂತು ಗಟಗಟ ಕುಡಿದೆ. ಅಷ್ಟು ರುಚಿಯಾದ ನೀರನ್ನು ನಾನು ಆಮೇಲೆ ಕುಡಿದಿಲ್ಲ.

ಹೊರಗೆ ಅತ್ತೆ ಬೆಂಚಿನ ತುದಿಯಲ್ಲಿ ಕೂತಿದ್ದರು. ಚೀಟಿ ಅವರ ಬೆರಳಲ್ಲಿ ಸುರುಳಿಯಾಗಿತ್ತು.

"ಕೂಸಿನ ಚೀಟಿ ಕೊಡ್ರಿ ಅತ್ತಿ, ಅದನ್ನೂ ತೋರಿಸಿಬಿಡೋಣ," ಎಂದೆ.

ಅತ್ತೆ ಚೀಟಿ ಕೊಡಲಿಲ್ಲ. ಮುಖ ಬೇರೆ ಕಡೆ ತಿರುಗಿಸಿದರು. ಅಷ್ಟರಲ್ಲಿ ಬಾಗಿಲಲ್ಲಿ ಕಂಪೌಂಡರು ಒಂದು ಹೆಂಗಸಿನ ಹೆಸರು ಕೂಗಿದ. ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿದ. ನಮ್ಮ ಲಗ್ನಪತ್ರಿಕೆಯಲ್ಲಿ ಆ ಹೆಸರನ್ನು ಓದಿದ ನೆನಪು ನನಗೆ ಆಗ ಬಂತು. ಮನೆಯಲ್ಲಿ ಆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಿರಲಿಲ್ಲ.

ನನಗಿಂತ ಮೊದಲು ತಿಳಿದದ್ದು ಅವ್ವನಿಗೆ. ಕೂಸನ್ನು ನನ್ನ ಕೈಗೆ ಕೊಟ್ಟು, ಹೋಗಿ ಅವರ ಮುಂದೆ ನಿಂತಳು.

"ಬರ್ರಿ ಅಕ್ಕಾರ," ಎಂದಳು. "ನಾ ಒಳಗ ಬರ್ತೀನಿ. ಕೈ ಹಿಡಕೊಂಡು ನಿಂದರ್ತೀನಿ."

ಅತ್ತೆ ಗೋಡೆಯ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದು ಅವ್ವನ ಭುಜದ ಮೇಲಿಟ್ಟು ಎದ್ದರು. ಇಬ್ಬರೂ ಪರದೆ ಸರಿಸಿ ಒಳಗೆ ಹೋದರು. ಖಾಲಿ ಬೆಂಚಿನ ಮೇಲೆ ನಾನು ಕೂಸನ್ನು ಅವಚಿಕೊಂಡು, ಎಡ ಮಗ್ಗುಲಿಗೆ ವಾಲಿ ಕೂತೆ.